ಕಾಯುವ ಪಾತ್ರೆ, ಕಾಯುವ ಅಳತೆ

ಕೊಡಗಿನ ಹುದಿಕೇರಿಯ ಕಡೆ ಮಳೆಗಾಲದಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಮಾತು ಶುರುವಾಗುವುದೇ ಲೆಕ್ಕದಿಂದ: ನಿಮ್ಮಲ್ಲಿ ಎಷ್ಟು ಇಂಚು, ಎಷ್ಟು ಸೆಂಟು? ತೋಟದ ಮನೆಯ ಅಂಗಳದಲ್ಲಿ ಮಳೆಮಾಪಕ ಇರುತ್ತದೆ, ಒಳಗೆ ಅದರ ಪುಸ್ತಕ ಇರುತ್ತದೆ. ಕಾಫಿ ಬೀಜದಲ್ಲಿ ತೇವಾಂಶ ಎಷ್ಟು ಉಳಿದಿದೆ, ಹೂಮಳೆ ಯಾವ ದಿನ ಬಿತ್ತು ಎಂಬುದಕ್ಕೂ ಲೆಕ್ಕವುಂಟು. ಆದರೆ ಅದೇ ಮನೆಗಳಲ್ಲಿ ಹಬ್ಬಕ್ಕೆಂದು ದ್ರಾಕ್ಷಿಯದೋ ಶುಂಠಿಯದೋ ವೈನ್ ಹಾಕಿಟ್ಟ ಭರಣಿಗೆ ಸಾಮಾನ್ಯವಾಗಿ ಲೆಕ್ಕವಿಲ್ಲ. ಸಕ್ಕರೆ ಕೈಯಂದಾಜಿನದು, ದಿನಗಳು ನೆನಪಿನವು, ಮದ್ಯಸಾರ ಎಷ್ಟೆಂಬುದು ಕುಡಿದ ಮೇಲೆ ತಿಳಿಯುವಂಥದ್ದು. ಮನೆಯಲ್ಲೇ ಬಿಯರ್ ತಯಾರಿಸುವ ವಿದ್ಯುತ್ ಉಪಕರಣದ ಬಗ್ಗೆ ಬರೆಯಹೊರಟಾಗ ಈ ವ್ಯತ್ಯಾಸದಿಂದಲೇ ಆರಂಭಿಸಬೇಕು. ಕರೆಂಟಿನಿಂದ ಕಾಯುವುದು ಈ ಉಪಕರಣದ ಸಣ್ಣ ಗುಣ. ಅಳೆದು ಕಾಯುವುದು ಅದರ ದೊಡ್ಡ ಗುಣ. ಅಳೆದು ಬರೆದಿಟ್ಟದ್ದನ್ನು ಇನ್ನೊಬ್ಬರು ಪರೀಕ್ಷಿಸಬಹುದು, ಪರೀಕ್ಷಿಸಬಹುದಾದದ್ದಕ್ಕೆ ಕಾನೂನು ಷರತ್ತು ಹಾಕಬಹುದು. ಆದ್ದರಿಂದ ಸ್ವಂತ ಬಳಕೆಗೆ, ಸಣ್ಣ ಮಿತಿಯೊಳಗೆ, ಭಟ್ಟಿ ಇಳಿಸದ ಪಾನೀಯವನ್ನು ಮನೆಯಲ್ಲಿ ತಯಾರಿಸಲು ಕರ್ನಾಟಕ ಅವಕಾಶ ಕೊಡಬೇಕು ಎಂಬುದು ನನ್ನ ವಾದ. ಇವತ್ತಿಗೆ ಆ ಅವಕಾಶವಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಆ ವಿಚಾರಕ್ಕೆ ಮುಂದೆ ಬರುತ್ತೇನೆ.

ಹುದುಗಿಸುವ ವಿದ್ಯೆ ಕೊಡಗಿಗೆ ಹೊಸತಲ್ಲ. ಬೈನೆ ಮರದ ಕಳ್ಳು ಇಳಿಸುವುದು ಇಲ್ಲಿ ಹಳೆಯ ಕಸುಬು. ಹಣ್ಣಾದ ಪುಳಿಯನ್ನು ಬುಟ್ಟಿಯಲ್ಲಿ ಹಾಕಿ, ಕೆಳಗಿನ ಪಾತ್ರೆಗೆ ದಿನಗಟ್ಟಲೆ ತೊಟ್ಟಿಕ್ಕುವ ರಸವನ್ನು ಕಪ್ಪಗೆ ಗಟ್ಟಿಯಾಗುವ ತನಕ ಕಾಯಿಸಿ ಕಾಚಂಪುಳಿ ಎಂಬ ಅಡುಗೆಯ ಹುಳಿ ಮಾಡುತ್ತಾರೆ. ಅರೇಬಿಕಾ ಹಣ್ಣನ್ನು ಪಲ್ಪರ್‌ಗೆ ಕೊಟ್ಟ ಮೇಲೆ ಬೀಜಕ್ಕೆ ಅಂಟಿದ ಲೋಳೆ ಬಿಡಲಿ ಎಂದು ತೊಟ್ಟಿಯಲ್ಲಿ ಹುದುಗಲು ಬಿಡುತ್ತಾರೆ. ಹಿಡಿಯಷ್ಟು ಬೀಜ ತೆಗೆದು ಹಿಂಡಿದಾಗ ಜಾರದೆ ಬೆಣಚುಕಲ್ಲಿನಂತೆ ಗರಗರ ಎಂದರೆ ತೊಳೆಯುವ ಹೊತ್ತು ಬಂತೆಂದು ಅರ್ಥ. ಇವೆಲ್ಲದರಲ್ಲೂ ಹುದುಗಲು ಬೇಕಾದ ಸಕ್ಕರೆ ಆಗಲೇ ಸಿದ್ಧವಾಗಿರುತ್ತದೆ, ಮರದ ರಸದಲ್ಲಿ ಅಥವಾ ಹಣ್ಣಿನಲ್ಲಿ. ಬಿಯರ್ ಬೇರೆಯಾಗುವುದು ಇಲ್ಲಿಯೇ. ಅದರ ಮೂಲ ಧಾನ್ಯ, ಮುಖ್ಯವಾಗಿ ಬಾರ್ಲಿ. ಧಾನ್ಯದಲ್ಲಿರುವುದು ಪಿಷ್ಟ, ಪಿಷ್ಟವನ್ನು ಯೀಸ್ಟ್ ತಿನ್ನಲಾರದು. ಅದನ್ನು ಮೊದಲು ಸಕ್ಕರೆಯಾಗಿ ಒಡೆಯಬೇಕು. ಒಡೆಯುವ ಕಿಣ್ವಗಳು ಮೊಳಕೆ ಬಂದ ಧಾನ್ಯದಲ್ಲೇ ಹುಟ್ಟುತ್ತವೆ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಮಾಲ್ಟ್ ಕಾಯಿಸಿದ ಕನ್ನಡದ ಪ್ರತಿ ಮನೆಗೂ ಇದು ಗೊತ್ತು: ಬರೀ ರಾಗಿ ಹಿಟ್ಟಿನ ಅಂಬಲಿ ಗಟ್ಟಿಯಾಗುತ್ತದೆ, ಅಷ್ಟೇ ಪ್ರಮಾಣದ ಮೊಳಕೆ ರಾಗಿಯ ಅಂಬಲಿ ತೆಳ್ಳಗಾಗಿ ತುಸು ಸಿಹಿಯಾಗುತ್ತದೆ. ಮೊಳಕೆ ರಾಗಿಯನ್ನು ಮಕ್ಕಳ ಆಹಾರವಾಗಿಸುವ ಬಗ್ಗೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ದಶಕಗಳ ಕಾಲ ಕೆಲಸ ಮಾಡಿದ್ದರ ಹಿಂದಿರುವ ತತ್ವವೂ ಇದೇ. ಮಗುವಿನ ಅಂಬಲಿಯನ್ನು ತೆಳ್ಳಗೆ ಮಾಡುವ ಕಿಣ್ವವೇ ಬಿಯರಿನ ಸಕ್ಕರೆಯನ್ನೂ ಮಾಡುತ್ತದೆ.

ಈ ಕಿಣ್ವಗಳು ಕಾವಿನ ವಿಚಾರದಲ್ಲಿ ಬಹಳ ನಾಜೂಕು. ಸುಮಾರು 60ರಿಂದ 65 ಡಿಗ್ರಿಯಲ್ಲಿ ಒಂದು ಬಗೆಯ ಕಿಣ್ವ ಚುರುಕಾಗಿ, ಯೀಸ್ಟ್ ಪೂರಾ ತಿಂದು ಮುಗಿಸುವ ಸಕ್ಕರೆ ಕೊಡುತ್ತದೆ. ಬಿಯರ್ ತೆಳು, ಮದ್ಯಸಾರ ಹೆಚ್ಚು. 68ರಿಂದ 72ರ ನಡುವೆ ಇನ್ನೊಂದು ಬಗೆಯದು ಮೇಲುಗೈ ಪಡೆದು, ಯೀಸ್ಟಿಗೆ ದಕ್ಕದ ಸಕ್ಕರೆಯನ್ನೂ ಉಳಿಸುತ್ತದೆ. ಬಿಯರ್ ಮಂದ, ಮದ್ಯಸಾರ ಕಡಿಮೆ. 78 ದಾಟಿದರೆ ಎರಡೂ ಕೆಟ್ಟುಹೋಗುತ್ತವೆ. ಅಂದರೆ ಮಾಲ್ಟ್ ನೆನೆಹಾಕಿದ ಪಾತ್ರೆಯನ್ನು ಒಂದು ತಾಸು ಕಾಲ 66ರ ಆಸುಪಾಸಿನಲ್ಲಿ, ಒಂದೆರಡು ಡಿಗ್ರಿಯೂ ಆಚೀಚೆ ಹೋಗದಂತೆ ಹಿಡಿದಿಡಬೇಕು. ಸೌದೆ ಒಲೆಯಲ್ಲಿ ಇದು ಆಗದ ಮಾತು. ಗ್ಯಾಸ್ ಒಲೆಯಲ್ಲಾದರೆ ಪಕ್ಕದಲ್ಲೇ ನಿಂತು ಹೆಚ್ಚು ಕಡಿಮೆ ಮಾಡುತ್ತಿರಬೇಕು. ವಿದ್ಯುತ್ ಉಪಕರಣ ಮಾಡುವ ಕೆಲಸ ಇಷ್ಟೇ: ಸ್ಟೀಲ್ ಪಾತ್ರೆಯ ತಳದಲ್ಲಿ ಹೀಟಿಂಗ್ ಎಲಿಮೆಂಟ್, ಅದರ ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ಮಾಲ್ಟ್. ತಳದ ತಿಳಿಯನ್ನು ಸಣ್ಣ ಪಂಪು ಮೇಲಕ್ಕೆ ಒಯ್ದು ಮತ್ತೆ ಮಾಲ್ಟಿನ ಮೇಲೆ ಸುರಿಯುತ್ತಿರುತ್ತದೆ. ಹರಿಯುವ ತಿಳಿಯಲ್ಲಿ ಮುಳುಗಿದ ಸೆನ್ಸರ್ ಕಾವನ್ನು ಕಂಟ್ರೋಲರ್‌ಗೆ ತಿಳಿಸುತ್ತದೆ. ಕಂಟ್ರೋಲರ್ ಎಲಿಮೆಂಟಿಗೆ ಕರೆಂಟನ್ನು ಕೊಡುತ್ತದೆ, ತಡೆಯುತ್ತದೆ. ಪಿಐಡಿ ಎಂದು ಕರೆಯುವ ಬಗೆಯ ಕಂಟ್ರೋಲರ್ ಕಾವು ಗುರಿ ಮುಟ್ಟುವ ಮೊದಲೇ ಕರೆಂಟನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತದೆ, ಹಾಲು ಉಕ್ಕುವ ಮೊದಲೇ ಉರಿ ತಗ್ಗಿಸುವ ಅನುಭವಿ ಕೈಯಂತೆ. ಗುರಿ ದಾಟಿದ ಮೇಲೆ ತಣಿಯಲು ಕಾಯುವ ಪ್ರಮೇಯ ಬರುವುದಿಲ್ಲ.

ಇಂಥ ಪಾತ್ರೆಗೆ ಎಷ್ಟು ಕರೆಂಟು ಬೇಕು ಎಂಬ ಲೆಕ್ಕ ಶಾಲೆಯ ಭೌತಶಾಸ್ತ್ರವನ್ನು ಮೀರುವುದಿಲ್ಲ. ಕೊನೆಗೆ 20 ಲೀಟರ್ ಬಿಯರ್ ಸಿಗಬೇಕಾದರೆ ಸುಮಾರು 25 ಲೀಟರ್ ನೀರಿನಿಂದ ಹೊರಡಬೇಕು. ಅದನ್ನು 25 ಡಿಗ್ರಿಯಿಂದ 67ಕ್ಕೆ ತರಲು ಸುಮಾರು 1.2 ಯೂನಿಟ್, ಅಲ್ಲಿಂದ ಕುದಿಯುವ ಮಟ್ಟಕ್ಕೆ 0.9 ಯೂನಿಟ್, ಒಂದು ತಾಸು ಕುದಿಸಿ ಮೂರು ಲೀಟರ್ ಆವಿಯಾಗಿಸಲು 1.9 ಯೂನಿಟ್. ಪಾತ್ರೆಯ ಮೈಯಿಂದ ಸೋರುವ ಶಾಖ ಸೇರಿಸಿದರೆ ಒಟ್ಟು ಐದು ಯೂನಿಟ್ ಒಳಗೆ ಕೆಲಸ ಮುಗಿಯುತ್ತದೆ. ದಕ್ಷಿಣ ಕೊಡಗಿನ ಎತ್ತರದಲ್ಲಿ ನೀರು ನೂರು ಡಿಗ್ರಿಗಿಂತ ಎರಡು ಮೂರು ಡಿಗ್ರಿ ಮೊದಲೇ ಕುದಿಯುವುದರಿಂದ, ಕಂಟ್ರೋಲರ್‌ಗೆ 100 ಎಂದು ಗುರಿ ಕೊಟ್ಟರೆ ಅದು ಎಂದೂ ಮುಟ್ಟದ ಗುರಿಯನ್ನು ಬೆನ್ನಟ್ಟುತ್ತ ಎಲಿಮೆಂಟನ್ನು ಪೂರ್ತಿ ಉರಿಸುತ್ತಲೇ ಇರುತ್ತದೆ. ಕುದಿಸುವಾಗ ಕಾವಿನ ಗುರಿ ಬಿಟ್ಟು ಶಕ್ತಿಯ ಪ್ರಮಾಣವನ್ನೇ ನಿಗದಿ ಮಾಡಬೇಕು. ಇನ್ನೊಂದು ವಿಚಾರ ಲೈನಿನ ತುದಿಯ ಹಳ್ಳಿಗಳಿಗೆ ಮುಖ್ಯವಾದದ್ದು. ಎಲಿಮೆಂಟಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟ್‌ಗೆ 2,000 ವ್ಯಾಟ್ ಕೊಡುವ ಎಲಿಮೆಂಟ್ 180 ವೋಲ್ಟ್ ಬಂದಾಗ ಕೊಡುವುದು 1,225 ವ್ಯಾಟ್ ಮಾತ್ರ. ವೋಲ್ಟೇಜ್ ಇಳಿದದ್ದು ಐದರಲ್ಲೊಂದು ಪಾಲು, ಶಕ್ತಿ ಇಳಿದದ್ದು ಐದರಲ್ಲಿ ಎರಡು ಪಾಲಿನಷ್ಟು. ಬೇರೆ ಊರಿನವರ ನಕ್ಷೆ ನೋಡಿ ಉಪಕರಣ ಕಟ್ಟುವವರು ಮೊದಲು ತಮ್ಮ ಮನೆಯ ವೋಲ್ಟೇಜನ್ನು ಬೆಳಿಗ್ಗೆ, ಸಂಜೆ ಅಳೆದು ಬರೆದಿಟ್ಟುಕೊಳ್ಳಬೇಕು.

ಮನೆಯ ಬಿಯರಿನಲ್ಲಿ ಪ್ರಾಣಾಪಾಯ ಎಂಬುದೇನಾದರೂ ಇದ್ದರೆ ಅದು ಇರುವುದು ಪಾನೀಯಕ್ಕಿಂತ ಹೆಚ್ಚಾಗಿ ತಂತಿಯಲ್ಲಿ. ನೀರು, ಸ್ಟೀಲು, 230 ವೋಲ್ಟ್, ಒದ್ದೆ ನೆಲ ಇವು ನಾಲ್ಕೂ ಒಂದೇ ಕಡೆ ಸೇರುತ್ತವೆ. ಬಕೆಟಿಗೆ ಇಳಿಬಿಡುವ ಕಾಯಿಲ್ ಹೀಟರನ್ನೇ ಪಾತ್ರೆಗೆ ಹಾಕಿ ಕೆಲಸ ಮುಗಿಸೋಣ ಎನ್ನುವುದು ಎಲ್ಲಕ್ಕಿಂತ ಕೆಟ್ಟ ಯೋಚನೆ. ಎಂಸಿಬಿ ಇದೆಯಲ್ಲ ಎಂಬ ಧೈರ್ಯವೂ ತಪ್ಪು. 16 ಆಂಪಿಯರ್ ಎಂಸಿಬಿ ತಂತಿ ಸುಡದಂತೆ ನೋಡಿಕೊಳ್ಳುತ್ತದೆ. ಮನುಷ್ಯನನ್ನು ಕೊಲ್ಲಲು ಆಂಪಿಯರ್‌ನ ಹತ್ತರಲ್ಲೊಂದು ಭಾಗವೇ ಧಾರಾಳ, ಅಷ್ಟಕ್ಕೆ ಎಂಸಿಬಿ ಕದಲುವುದೂ ಇಲ್ಲ. ಮನುಷ್ಯನನ್ನು ಕಾಯುವುದು 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವ ಆರ್‌ಸಿಸಿಬಿ. ಹೋದ ಕರೆಂಟು ಪೂರ್ತಿ ಮರಳಿ ಬರಲಿಲ್ಲ ಎಂದು ಗೊತ್ತಾದ ತಕ್ಷಣ, ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಲೈನನ್ನು ಕಡಿಯುತ್ತದೆ. ಪಾತ್ರೆಯ ಮೈ, ಕಂಟ್ರೋಲರಿನ ಲೋಹದ ಪೆಟ್ಟಿಗೆ ಎರಡಕ್ಕೂ ಅರ್ತಿಂಗ್ ಬೇಕು. ಇದ್ದಿಲು ಉಪ್ಪು ಹಾಕಿದ ಅರ್ತ್ ಗುಂಡಿ ಮಳೆಗಾಲದಲ್ಲಿ ಚೆನ್ನಾಗಿದ್ದು ಮಾರ್ಚ್ ಏಪ್ರಿಲ್‌ನಲ್ಲಿ ಒಣಗುವುದರಿಂದ ಬೇಸಿಗೆಯಲ್ಲಿ ಅದಕ್ಕೆ ನೀರೆರೆಯಬೇಕು. 2,000 ವ್ಯಾಟಿಗೆ ಹರಿಯುವುದು ಒಂಬತ್ತು ಆಂಪಿಯರ್‌ಗೆ ಹತ್ತಿರದ ಕರೆಂಟು, ಅದೂ ಗಂಟೆಗಟ್ಟಲೆ. ಆದ್ದರಿಂದ ಮಿಕ್ಸಿಯ ಪ್ಲಗ್ಗಿಗೆ ಸಿಕ್ಕಿಸದೆ, ಮೇನ್ ಬೋರ್ಡಿನಿಂದ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಪ್ರತ್ಯೇಕ ಎಳೆಸಿ 16 ಆಂಪಿಯರ್ ಸಾಕೆಟ್ ಹಾಕಿಸಬೇಕು. ಈ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್‌ ಕೈಯದು, ವಿಡಿಯೊ ನೋಡಿ ಕಲಿತವರ ಕೈಯದಲ್ಲ.

ಕರೆಂಟನ್ನು ಬಿಡುವ ತಡೆಯುವ ಕೆಲಸ ಸಾಲಿಡ್ ಸ್ಟೇಟ್ ರಿಲೇ ಎಂಬ ಸಣ್ಣ ಭಾಗದ್ದು. ಒಂಬತ್ತು ಆಂಪಿಯರ್ ಹರಿಯುವಾಗ ಅದರಲ್ಲೇ ಹತ್ತು ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. ಹೀಟ್ ಸಿಂಕ್ ಇಲ್ಲದಿದ್ದರೆ ಸುಟ್ಟುಹೋಗುತ್ತದೆ. ಸುಟ್ಟಾಗ ಅದು ಸಾಮಾನ್ಯವಾಗಿ ತೆರೆದುಕೊಳ್ಳುವುದಿಲ್ಲ, ಮುಚ್ಚಿಕೊಂಡೇ ಉಳಿಯುತ್ತದೆ. ಕಂಟ್ರೋಲರ್ ಸಾಕು ಎಂದರೂ ಎಲಿಮೆಂಟ್ ಕಾಯುತ್ತಲೇ ಇರುತ್ತದೆ. ಆದ್ದರಿಂದ ರಿಲೇಯ ಹಿಂದೆ ಕೈಯಿಂದ ಕಡಿಯಬಹುದಾದ ಇನ್ನೊಂದು ಸ್ವಿಚ್ ಇರಲೇಬೇಕು. ಇದಕ್ಕೆ ಒಳ್ಳೆಯ ಮಾದರಿ ತೋಟದ ಪಂಪ್‌ಸೆಟ್ ಮನೆಯಲ್ಲೇ ಇದೆ. ಮೋಟಾರಿನ ಸ್ಟಾರ್ಟರ್ ಕರೆಂಟು ಹೋದೊಡನೆ ಟಕ್ ಎಂದು ಬಿಟ್ಟುಕೊಳ್ಳುತ್ತದೆ. ಕರೆಂಟು ಬಂದರೂ ಯಾರಾದರೂ ಹೋಗಿ ಹಸಿರು ಗುಂಡಿ ಒತ್ತುವ ತನಕ ಮೋಟಾರ್ ಓಡುವುದಿಲ್ಲ. ಕಕ್ಕಡ ಮಾಸದ ಗಾಳಿಮಳೆಗೆ ಮರ ಬಿದ್ದು ಲೈನ್ ಹೋಗುವುದು, ಯಾವುದೋ ಹೊತ್ತಿನಲ್ಲಿ ಮರಳುವುದು ಮಾಮೂಲಾದ ಕಡೆ ಬಿಯರ್ ಪಾತ್ರೆಗೂ ಅದೇ ಬಗೆಯ ಕಾಂಟ್ಯಾಕ್ಟರ್ ಬೇಕು. ಇಲ್ಲದಿದ್ದರೆ ಎಲ್ಲರೂ ಮಲಗಿದ ಮೇಲೆ ಬಂದ ಕರೆಂಟು ಖಾಲಿ ಪಾತ್ರೆಯ ಎಲಿಮೆಂಟನ್ನು ಕೆಂಪಗೆ ಕಾಯಿಸಬಹುದು. ಕರೆಂಟು ಹೋದರೆ ತಯಾರಿ ಕೆಡುತ್ತದೆ ಎಂಬ ಅಂಜಿಕೆ ಮಾತ್ರ ಅಷ್ಟು ಬೇಡ. ಮಾಲ್ಟ್ ನೆನೆಯುತ್ತಿರುವಾಗ ಹೋದರೆ ಪಾತ್ರೆಗೆ ಕಂಬಳಿ ಸುತ್ತಿದರಾಯಿತು. 25 ಲೀಟರ್ ಬಿಸಿ ಗಂಜಿ ತಣಿಯಲು ಬಹಳ ಹೊತ್ತು ಬೇಕು, ಕಿಣ್ವಗಳ ಹೆಚ್ಚಿನ ಕೆಲಸ ಮೊದಲ ಅರ್ಧ ತಾಸಿನಲ್ಲೇ ಮುಗಿದಿರುತ್ತದೆ.

ಕುದಿದ ಮೇಲಿನ ಹಂತಗಳಿಗೂ ಅಳತೆಯೇ ಆಧಾರ. ಕುದಿಯುವಾಗ ಹಾಪ್ಸ್ ಹೂವಿನ ಕಹಿ ಬಿಡಿಸಿಕೊಂಡ ತಿಳಿಯನ್ನು ತಾಮ್ರ ಅಥವಾ ಸ್ಟೀಲ್ ಸುರುಳಿಯೊಳಗೆ ತಣ್ಣೀರು ಹರಿಸಿ ಬೇಗ 20 ಡಿಗ್ರಿಗೆ ಇಳಿಸಬೇಕು; ಅಲ್ಲಿಂದಾಚೆ ಮುಟ್ಟುವ ಪ್ರತಿ ವಸ್ತುವೂ ಸೋಂಕು ಕಳೆದದ್ದಾಗಿರಬೇಕು. ಯೀಸ್ಟ್ ಹಾಕುವ ಮೊದಲು ಹೈಡ್ರೋಮೀಟರ್ ಎಂಬ ಗಾಜಿನ ಕಡ್ಡಿಯನ್ನು ತಿಳಿಯಲ್ಲಿ ತೇಲಿಬಿಟ್ಟರೆ ಸಕ್ಕರೆಯ ಸಾಂದ್ರತೆ ತಿಳಿಯುತ್ತದೆ. ಅದು 1.048 ಇದ್ದು, ಎರಡು ವಾರ ಹುದುಗಿದ ಮೇಲೆ 1.011ಕ್ಕೆ ಇಳಿದು ಎರಡು ಮೂರು ದಿನ ಅಲ್ಲೇ ನಿಂತಿತು ಎಂದುಕೊಳ್ಳಿ. ಆ ಎರಡು ಅಂಕಿಗಳ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಬರುವುದು ಸುಮಾರು 4.8, ಅದೇ ಶೇಕಡಾವಾರು ಮದ್ಯಸಾರ. ಅಂಕಿ ಇಳಿಯುತ್ತಿರುವಾಗಲೇ ಬಾಟಲಿಗೆ ತುಂಬಿದರೆ ಒಳಗೆ ಅನಿಲ ಕಟ್ಟಿ ಬಾಟಲಿ ಸಿಡಿಯುತ್ತದೆ. ಹುದುಗುವ ಕೋಣೆಯಲ್ಲಿ ಗಾಳಿಯಾಡಬೇಕು ಎಂಬುದಕ್ಕೂ ಆ ಅನಿಲವೇ ಕಾರಣ. ನೂರಿನ್ನೂರು ರೂಪಾಯಿಯ ಥರ್ಮಾಮೀಟರು, ಆ ಗಾಜಿನ ಕಡ್ಡಿ, ಒಂದು ಪುಸ್ತಕ ಇವಿಷ್ಟು ವೈನ್ ಭರಣಿಯ ಪಕ್ಕದಲ್ಲಿದ್ದರೂ ಮನೆಯ ವೈನ್ ಬೇರೆಯೇ ವಸ್ತುವಾದೀತು. ಬಿಯರಿನ ವಿದ್ಯುತ್ ಉಪಕರಣ ಇವನ್ನು ಬಳಸದೆ ಮುಂದೆ ಹೋಗಲು ಬಿಡುವುದೇ ಇಲ್ಲ.

ಈಗ ಕಾನೂನಿಗೆ ಬರೋಣ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಸೆಕ್ಷನ್ 13ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಅಷ್ಟೇ ಅಲ್ಲ, ತಯಾರಿಸುವ ಉದ್ದೇಶದಿಂದ ಸಾಮಗ್ರಿ, ಪಾತ್ರೆ, ಉಪಕರಣ ಇಟ್ಟುಕೊಳ್ಳುವಂತೆಯೂ ಇಲ್ಲ. ಶಿಕ್ಷೆಯ ಸೆಕ್ಷನ್‌ಗಳ ಮುಂದೆ ಕಾಡಿನಂಚಿನಲ್ಲಿ ಕಳ್ಳಭಟ್ಟಿ ಇಳಿಸಿ ಮಾರುವವನೂ, ತನ್ನ ಅಡುಗೆಮನೆಯಲ್ಲಿ ಎರಡು ಹೂಜಿ ಬಿಯರ್ ಹುದುಗಿಸುವವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಸುಮಾರು 2010ರಿಂದ ಬೆಂಗಳೂರಿನ ಪಬ್‌ಗಳು ಲೈಸೆನ್ಸ್ ಪಡೆದು ಗಿರಾಕಿಗಳ ಕಣ್ಣೆದುರೇ ಬಿಯರ್ ತಯಾರಿಸುತ್ತಿವೆ. ಆ ದೊಡ್ಡ ಹಂಡೆಗಳಲ್ಲಿ ನಡೆಯುವುದೂ ಮೇಲೆ ವಿವರಿಸಿದ ಕೆಲಸವೇ. ಮನೆಯ ಪ್ರಮಾಣಕ್ಕೆ ಹೊಂದುವ ಲೈಸೆನ್ಸ್ ಮಾತ್ರ ಇಲ್ಲ. ಷರತ್ತು ಹಾಕಿ ನಂಬುವುದು ಸರ್ಕಾರಕ್ಕೆ ಗೊತ್ತಿಲ್ಲದ ದಾರಿಯೇನೂ ಅಲ್ಲ. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆಗೊಳ್ಳುವ ಕೋವಿಯನ್ನು ಒಂದು ವಿನಾಯಿತಿ ಪತ್ರದ ಆಧಾರದಲ್ಲಿ ಮನೆಗೆ ಒಪ್ಪಿಸಬಲ್ಲ ವ್ಯವಸ್ಥೆ, ಇಪ್ಪತ್ತು ಲೀಟರಿನ ಪಾತ್ರೆಗೂ ಒಂದು ಪತ್ರ, ಒಂದು ಮಿತಿ ಯೋಚಿಸಬಹುದು. ಆ ಅವಕಾಶ ಒಂದು ಜನಾಂಗಕ್ಕೋ ಜಿಲ್ಲೆಗೋ ಸೀಮಿತವಾಗದೆ ಇಡೀ ರಾಜ್ಯಕ್ಕೆ ಸಿಗಬೇಕು.

ಮೊದಲ ಆಕ್ಷೇಪ ವಿಷದ್ದು. ಮನೆಯಲ್ಲಿ ತಯಾರಿಸಲು ಬಿಟ್ಟರೆ ಜನ ಸಾಯುವುದಿಲ್ಲವೇ? ಈ ಭಯಕ್ಕೆ ನಮ್ಮ ರಾಜ್ಯದಲ್ಲಿ ಕಾರಣ ಇದೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ನಿಷೇಧ ಜಾರಿಯಾದದ್ದು 2007ರ ಜುಲೈ 1ರಂದು. ಮರುವರ್ಷ ಮೇ ತಿಂಗಳಲ್ಲೇ ಬೆಂಗಳೂರಿನ ಸುತ್ತಮುತ್ತ ಮತ್ತು ತಮಿಳುನಾಡಿನ ಗಡಿಯಲ್ಲಿ ನೂರಕ್ಕೂ ಹೆಚ್ಚು ಜನ ಅದೇ ರೀತಿ ಪ್ರಾಣ ಬಿಟ್ಟರು. ಅವರನ್ನು ಕೊಂದದ್ದು ಮಿಥೈಲ್ ಆಲ್ಕೊಹಾಲ್, ಕೈಗಾರಿಕೆಗೆ ಬಳಸುವ ದ್ರಾವಕ. ಲಾಭಕ್ಕಾಗಿ ಮದ್ಯಕ್ಕೆ ಅದನ್ನು ಬೆರೆಸಿದ್ದರು. ಧಾನ್ಯ ಹುದುಗುವಾಗ ಅದು ಹುಟ್ಟುವುದು ಇಲ್ಲವೆನ್ನುವಷ್ಟು ಕಡಿಮೆ. ಹಣ್ಣಿನ ಪೆಕ್ಟಿನ್‌ನಿಂದ ಹುಟ್ಟುವುದೂ ಲೇಶಮಾತ್ರ. ಕೆಟ್ಟ ಬಿಯರ್ ಹುಳಿಯಾಗುತ್ತದೆ, ವಾಸನೆ ಹೊಡೆಯುತ್ತದೆ, ಕಣ್ಣು ಕಳೆಯುವುದಿಲ್ಲ. ಆದ್ದರಿಂದ ಕಾನೂನು ಎರಡು ಗೆರೆಗಳನ್ನು ಬಿಗಿಯಾಗಿ ಎಳೆಯಬೇಕು: ಭಟ್ಟಿ ಇಳಿಸಕೂಡದು, ಮಾರಕೂಡದು. ವಿಷ ಬೆರೆತದ್ದು ಕದ್ದು ಮಾರುವ ದಾರಿಯಲ್ಲಿ. ಹುದುಗಿಸುವ ಪಾತ್ರೆಯನ್ನೂ ಭಟ್ಟಿ, ಮಾರಾಟಗಳ ಜೊತೆ ಕಟ್ಟಿಹಾಕಿದರೆ ಆ ಗೆರೆಗಳೇ ಮಸುಕಾಗುತ್ತವೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಅದನ್ನು ಹಗುರವಾಗಿ ಕಾಣಲಾಗದು. ಕುಡಿತ ಮನೆಗಳನ್ನು ಮುರಿಯುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ವಾರದ ಬಟವಾಡೆ ಎಲ್ಲಿಗೆ ಹೋಗುತ್ತದೆ ಎಂಬುದು ಅಲ್ಲಿನ ಹೆಂಗಸರಿಗೆ ಗೊತ್ತು. ಸಂವಿಧಾನದ 47ನೇ ವಿಧಿಯೂ ಮದ್ಯ ನಿಷೇಧದ ಕಡೆಗೆ ಪ್ರಯತ್ನಿಸುವಂತೆ ಸರ್ಕಾರಕ್ಕೆ ಹೇಳುತ್ತದೆ. ಮನೆಯೊಳಗೇ ತಯಾರಾದರೆ ಕುಡಿಯುವವನ ಕೈಗೆ ಅದು ಇನ್ನೂ ಹತ್ತಿರವಾಗುವುದಿಲ್ಲವೇ? ನನ್ನ ಉತ್ತರ ಹೀಗಿದೆ. ಕುಡಿತಕ್ಕೆ ದಾಸನಾದವನಿಗೆ ಬೇಕಾದದ್ದು ಕಡಿಮೆ ಹಣಕ್ಕೆ ಈಗಲೇ ಸಿಗುವ ಹೆಚ್ಚು ಮದ್ಯಸಾರ. ಅದು ಅಂಗಡಿಯ ಸಣ್ಣ ಪ್ಯಾಕೆಟ್ಟಿನಲ್ಲಿದೆ. ಒಂದು ದಿನವಿಡೀ ದುಡಿದು, ಎರಡು ವಾರ ಹುದುಗಿಸಿ, ಇನ್ನೆರಡು ವಾರ ಬಾಟಲಿಯಲ್ಲಿಟ್ಟು ಶೇಕಡಾ ಐದರ ಪಾನೀಯ ಪಡೆಯುವ ದಾರಿ ಅವನದಲ್ಲ. ಸಾವಿರಾರು ರೂಪಾಯಿಯ ಪಾತ್ರೆ, ಪ್ರತ್ಯೇಕ ವೈರಿಂಗ್ ಅವನ ಕೈಗೆಟಕುವುದೂ ಇಲ್ಲ. ಆದರೂ ಮನೆಯಲ್ಲಿ ಕುಡಿತದ ತೊಂದರೆ ಇದ್ದರೆ ಈ ಉಪಕರಣ ಅಲ್ಲಿಗೆ ಬರಬಾರದು. ಅದಕ್ಕೆಂದೇ ಮನೆಯ ವಯಸ್ಕರೆಲ್ಲರ ಸಹಿ ಇಲ್ಲದೆ ನೋಂದಣಿ ಸಿಗದಂತೆ ಮಾಡಬೇಕು. ಹೆಂಡತಿಯ ಅಥವಾ ತಾಯಿಯ ಒಂದು ಸಹಿಗೆ ಪಾತ್ರೆಯನ್ನು ತಡೆಯುವ ಶಕ್ತಿ ಇರಬೇಕು.

ಮೂರನೆಯದು ವರಮಾನ ಮತ್ತು ಉಸ್ತುವಾರಿಯ ಪ್ರಶ್ನೆ. ಅಬಕಾರಿಯಿಂದ ರಾಜ್ಯಕ್ಕೆ ವರ್ಷಕ್ಕೆ ಮೂವತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬರುತ್ತದೆ. ಹವ್ಯಾಸಿಗಳ ಪಾತ್ರೆಯಿಂದ ಅದು ಕರಗುವುದಿಲ್ಲ. ಬೇರೆ ದೇಶಗಳ ಅನುಭವವೂ ಎದುರಿಗಿದೆ. ಬ್ರಿಟನ್ 1963ರಲ್ಲಿ ಮನೆಯ ಬಿಯರಿಗಿದ್ದ ಲೈಸೆನ್ಸನ್ನು ತೆಗೆದುಹಾಕಿತು. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ಮುಗಿದರೂ ಮನೆಯ ಬಿಯರಿಗೆ ಅನುಮತಿ ಸಿಕ್ಕಿರಲಿಲ್ಲ. 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ ಒಬ್ಬ ವಯಸ್ಕರಿಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಮಿತಿ ಹಾಕಿತು. ಮಾರಲು, ಭಟ್ಟಿ ಇಳಿಸಲು ಅದು ಅವಕಾಶ ಕೊಡಲಿಲ್ಲ. ಒಪ್ಪಿಗೆ ಎಲ್ಲ ಕಡೆ ಒಮ್ಮೆಗೇ ಬರಲಿಲ್ಲ. ಅಲಬಾಮ, ಮಿಸಿಸಿಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ. ನಮಗೆ ಅಷ್ಟು ಸಡಿಲವೂ ಬೇಡ. ಮನೆಗೆ ತಿಂಗಳಿಗೆ 20 ಲೀಟರ್ ಸಾಕು. ವರ್ಷಕ್ಕೆ 240 ಲೀಟರ್ ಎಂದರೆ ಅಮೆರಿಕದ ಮನೆಮಿತಿಯ ಮೂರರಲ್ಲೊಂದಕ್ಕಿಂತ ಕಡಿಮೆ. ನೋಂದಣಿಗೆ ಸಣ್ಣ ಶುಲ್ಕ, ಆರ್‌ಸಿಸಿಬಿ ಮತ್ತು ಅರ್ತಿಂಗ್ ಪರೀಕ್ಷಿಸಿದ ಎಲೆಕ್ಟ್ರಿಶಿಯನ್‌ನ ಪ್ರಮಾಣಪತ್ರ, ಪ್ರತಿ ಸಲದ ಲೆಕ್ಕ ಬರೆದ ಪುಸ್ತಕ. ಈ ಮೂರನ್ನು ಕೇಳಿ ನೋಡಲು ಅಬಕಾರಿ ಇನ್‌ಸ್ಪೆಕ್ಟರಿಗೆ ಅಧಿಕಾರ ಇರಲಿ.

ಅಂಥ ನಿಯಮ ಬರುವ ತನಕ ಪಾತ್ರೆಗೆ ಯೀಸ್ಟ್ ಹಾಕಬಾರದು. ಒಳ್ಳೆಯ ಕಾನೂನನ್ನು ಕೇಳುವವರು ಇರುವ ಕಾನೂನನ್ನು ಮುರಿದು ಕೇಳಿದರೆ ಮಾತಿಗೆ ಬಲವಿರುವುದಿಲ್ಲ. ಆದರೆ ಅಳತೆಯ ಅಭ್ಯಾಸಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಕಾಚಂಪುಳಿಯ ಪಾತ್ರೆಗೆ ಥರ್ಮಾಮೀಟರ್ ಇಳಿಬಿಡಬಹುದು. ಮೊಳಕೆ ರಾಗಿಯ ಅಂಬಲಿಯನ್ನು 66 ಡಿಗ್ರಿಯಲ್ಲಿ ಹಿಡಿದು ಅದು ತೆಳ್ಳಗಾಗುವ ಹೊತ್ತನ್ನು ಗುರುತಿಸಬಹುದು. ಮನೆಯ ಬೋರ್ಡಿಗೆ ಆರ್‌ಸಿಸಿಬಿ ಹಾಕಿಸುವುದಂತೂ ನಾಳೆಯೇ ಮಾಡಬೇಕಾದ ಕೆಲಸ, ಬಿಯರ್ ಬೇಡವೆನ್ನುವ ಮನೆಗೂ. ಹುದಿಕೇರಿಯ ಬೆಳೆಗಾರನ ಮಳೆ ಪುಸ್ತಕದ ಮಾತನ್ನು ನೆರೆಯವರು ನಂಬುವುದು ಅದರಲ್ಲಿ ಮಳೆ ಬಂದ ದಿನಗಳಷ್ಟೇ ಅಲ್ಲದೆ ಬಾರದ ದಿನಗಳೂ ಇರುವುದರಿಂದ. ಮನೆಯ ಬಿಯರಿನ ಪುಸ್ತಕವೂ ಹಾಗೆಯೇ ಇರಬೇಕು: ಎಷ್ಟು ಲೀಟರ್, ಎಷ್ಟು ಡಿಗ್ರಿ, ಸಾಂದ್ರತೆ ಎಷ್ಟಿದ್ದದ್ದು ಎಷ್ಟಕ್ಕೆ ಇಳಿಯಿತು, ಕೆಟ್ಟು ಚೆಲ್ಲಿದ್ದು ಎಷ್ಟು. ಆ ಪುಟವನ್ನು ಇನ್‌ಸ್ಪೆಕ್ಟರಿನ ಮುಂದೆ ಹಿಂಜರಿಯದೆ ತೆರೆದಿಡಬಲ್ಲ ಮನೆಗೆ ಪಾತ್ರೆಯನ್ನು ಒಪ್ಪಿಸಬಹುದು.